ಒಂದು ಕೊಡಪಾನ ತುಂಬುವಷ್ಟು

ಎಂಟು ಗಂಟೆಯಂತೆ! ದಿನಕ್ಕೆ ಎಂಟು ಗಂಟೆ!

ಕಳೆದ ತಿಂಗಳು ಡೊಂಬಿವಲಿಯಲ್ಲಿ ನಮ್ಮ ಪಿಟೀಲು ಮಾಸ್ತರರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ತೊಂಬತ್ತು ದಾಟಿ ಹೋದ ಜೀವ. ಅಳುವವರು ಹೆಚ್ಚಿರಲಿಲ್ಲ, ಮಾತಾಡುವವರು ಬೇಕಾದಷ್ಟಿದ್ದರು. ಅವರಲ್ಲಿ ಸುಧಾಕರನೂ ಒಬ್ಬ. ನಾನು ಮಾಸ್ತರರ ಹತ್ತಿರ ಕಲಿಯುತ್ತಿದ್ದಾಗ ನನ್ನ ನಂತರದ ಪಾಠ ಇವನದ್ದು. ಆಗ ಹನ್ನೊಂದು ವರ್ಷದ ಪೋರ. ಈಗ ತಲೆ ಬೆಳ್ಳಗಾಗಿದೆ, ಖಾರಘರದಲ್ಲಿ ದೊಡ್ಡ ಪಿಟೀಲು ಕ್ಲಾಸು ನಡೆಸುತ್ತಾನೆ, ರೇಷ್ಮೆ ಜುಬ್ಬಾ ಹಾಕುತ್ತಾನೆ. ಹಾಕಲಿ, ನನಗೇನೂ ತಕರಾರಿಲ್ಲ. ಆದರೆ ಮೈಕ್ ಹಿಡಿದು ಅವನು ಹೇಳಿದ್ದು ಕೇಳಿ: “ನಮ್ಮ ಗುರುಗಳು ನಮ್ಮಿಂದ ದಿನಕ್ಕೆ ಎಂಟು ಗಂಟೆ ಸಾಧನೆ ಮಾಡಿಸುತ್ತಿದ್ದರು. ಅಂಥ ತಪಸ್ಸು ಈಗ ಎಲ್ಲಿದೆ? ಅವರ ನೆನಪಿಗಾಗಿ ನನ್ನ ಕ್ಲಾಸಿನ ಮಕ್ಕಳು ಮುಂದಿನ ತಿಂಗಳು ಇದೇ ಸಭಾಗೃಹದಲ್ಲಿ ಎಂಟು ಗಂಟೆ ನಿಲ್ಲದೆ ಬಾರಿಸಲಿದ್ದಾರೆ!”

ಚಪ್ಪಾಳೆಯೋ ಚಪ್ಪಾಳೆ. ನನ್ನ ಪಕ್ಕ ಕೂತಿದ್ದ ಮಗಳು ಶುಭಾ ಕೂಡ ಕೈ ನೋಯುವಷ್ಟು ತಟ್ಟಿದಳು. ಯಾಕೆಂದರೆ ಆ ಮಕ್ಕಳ ಪಟ್ಟಿಯಲ್ಲಿ ಅವಳ ಮಗಳು, ನನ್ನ ಮೊಮ್ಮಗಳು ತನ್ವಿಯ ಹೆಸರೂ ಇದೆ. ತನ್ವಿಗೆ ಹನ್ನೆರಡು ವರ್ಷ. ಅಂದಿನಿಂದ ತಯಾರಿ ಎಂದು ದಿನಾ ನಾಲ್ಕು ಗಂಟೆ ಪಿಟೀಲು ಹಿಡಿದು ಕೂರುತ್ತಿದ್ದಳು, ಆಮೇಲೆ ಕುತ್ತಿಗೆಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದಳು.

ಆ ಎಂಟು ಗಂಟೆಯ ದಿನ ಹಂಚಲಿಕ್ಕೆ ಡೊಂಬಿವಲಿಯ ಕನ್ನಡ ಸಂಘದವರು ಒಂದು ನೆನಪಿನ ಸಂಚಿಕೆ ತರುತ್ತಿದ್ದಾರೆ. ಸಂಪಾದಕರು ಫೋನ್ ಮಾಡಿ, “ಅಮ್ಮಾ, ಮಾಸ್ತರರ ಬಗ್ಗೆ ನಾಲ್ಕು ಒಳ್ಳೆ ಮಾತು ಬರೆದು ಕೊಡಿ” ಎಂದರು. ಬರೆಯುತ್ತಿದ್ದೇನೆ. ಫೋನಿನಲ್ಲಿ ಕನ್ನಡ ಒತ್ತುವುದನ್ನು ತನ್ವಿಯೇ ಮೊನ್ನೆ ಕಲಿಸಿಕೊಟ್ಟಿದ್ದಾಳೆ. ಒಂದೇ ಬೆರಳಿನಿಂದ ಒತ್ತುತ್ತೇನೆ, ಆದರೆ ಜೋರಾಗಿ ಒತ್ತುತ್ತೇನೆ. ಒಳ್ಳೆ ಮಾತು ಎಷ್ಟು ಬರುತ್ತದೋ ಗೊತ್ತಿಲ್ಲ. ಸಂಪಾದಕರೇ, ಇದರಲ್ಲಿ ಒಂದಕ್ಷರ ಕತ್ತರಿಸಿದಿರೋ, ನಿಮ್ಮ ಮನೆಯ ಬಾಗಿಲಲ್ಲಿ ಕೂತು ಪಿಟೀಲು ಬಾರಿಸುತ್ತೇನೆ. ಎಂಟು ಗಂಟೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಉಡುಪಿ ಕಡೆಯಿಂದ ಮದುವೆಯಾಗಿ ಡೊಂಬಿವಲಿ ಪೂರ್ವದಲ್ಲಿ, ಎರಡನೇ ಮಾಳಿಗೆಯ ಒಂದು ರೂಮ್-ಕಿಚನ್ನಿಗೆ ಬಂದಿದ್ದೆ. ಅಲ್ಲಿ ನಾನು, ಇವರು, ಇವರ ಅಮ್ಮ. ಇವರಿಗೆ ಅಂಬರನಾಥದ ಕಾರ್ಖಾನೆಯಲ್ಲಿ ಕೆಲಸ. ನನ್ನ ಸಾಮಾನಿನ ಜೊತೆ ಒಂದು ಪಿಟೀಲೂ ಬಂದಿತ್ತು. ಅಣ್ಣ ಕಲಿಯಲು ಹೊರಟು ಎರಡೇ ವಾರಕ್ಕೆ ಬಿಟ್ಟದ್ದು. ಅತ್ತೆ ಅದನ್ನು ಕಪಾಟಿನ ಮೇಲೆ ಉಪ್ಪಿನಕಾಯಿ ಭರಣಿಯ ಪಕ್ಕ ಇಟ್ಟುಬಿಟ್ಟರು.

“ಮದುವೆ ಆದ ಮೇಲೆ ಎಂತದು ಪಿಟೀಲು? ಯಾರ ದಿಬ್ಬಣಕ್ಕೆ ಬಾರಿಸ್ಲಿಕ್ಕೆ?”

“ಕಲೀಲಿ ಅಮ್ಮ, ಅವಳಿಗೂ ಹೊತ್ತು ಹೋಗ್ಬೇಡ್ವಾ?” ಎಂದು ಇವರು ಚಪ್ಪಲಿ ಮೆಟ್ಟಿಕೊಂಡು ಟ್ರೇನಿಗೆ ಓಡಿದರು.

ಹೊತ್ತು ಹೋಗುವುದಂತೆ! ನೀರು ಹಿಡಿ, ಡಬ್ಬಿ ಕಟ್ಟು, ರೇಶನ್ ಸಾಲಿನಲ್ಲಿ ನಿಲ್ಲು, ಅಕ್ಕಿ ಆರಿಸು. ನನ್ನ ಹೊತ್ತು ನನಗಿಂತ ಮುಂದೆ ಓಡುತ್ತಿತ್ತು, ನಾನು ಅದರ ಹಿಂದೆ. ಆದರೂ ಆ ಮಾತನ್ನೇ ಗಟ್ಟಿ ಹಿಡಿದುಕೊಂಡು ಭರಣಿಯ ಪಕ್ಕದಿಂದ ಪಿಟೀಲು ಇಳಿಸಿಕೊಂಡೆ.

ಮಾಸ್ತರರು ರೈಲುಹಳಿಯ ಆಚೆ, ಪಶ್ಚಿಮದಲ್ಲಿ, ಒಂದೇ ಕೋಣೆಯಲ್ಲಿ ಒಬ್ಬರೇ ಇದ್ದರು. ಧಾರವಾಡದ ಕಡೆಯವರು. ಕಲ್ಯಾಣದಲ್ಲಿ ರೈಲ್ವೆ ಗೂಡ್ಸ್ ಆಫೀಸಿನ ಗುಮಾಸ್ತ. ಎತ್ತರದ ಸಪೂರ ಮನುಷ್ಯ, ಬಿಳಿ ಅಂಗಿಯ ತೋಳಿನ ಗುಂಡಿ ಯಾವಾಗಲೂ ಹಾಕಿದ್ದು. ಪಿಟೀಲಿನ ಪೆಟ್ಟಿಗೆಯ ಕೊಂಡಿ ಮುರಿದು ಎಷ್ಟು ವರ್ಷವಾಗಿತ್ತೋ, ಹಳೆಯ ಸೀರೆಯ ಅಂಚಿನಿಂದ ಅದನ್ನು ಬಿಗಿದು ಕಟ್ಟುತ್ತಿದ್ದರು. ಬಲಜೇಬಿನಲ್ಲಿ ಶೇಂಗಾ. ಬಲಗೈಯಲ್ಲೇ ಸಿಪ್ಪೆ ಒಡೆದು ಬಲಗೈಯಲ್ಲೇ ಬಾಯಿಗೆ ಹಾಕಿಕೊಳ್ಳುವರು. ಎಡಗೈ ಸದಾ ಎಡಜೇಬಿನಲ್ಲಿ. ನಾವೆಲ್ಲ ಅದನ್ನು ಗತ್ತು ಎಂದುಕೊಂಡಿದ್ದೆವು. ಪಾಠ ಹೇಳುವಾಗಲೂ ಒಂದೇ ಒಂದು ಸಾಲು ಬಾರಿಸಿ ತೋರಿಸಿ ಪಿಟೀಲು ಕೆಳಗಿಡುತ್ತಿದ್ದರು. ಅವರು ಒಂದು ರಾಗವನ್ನು ಪೂರ್ತಿ ಬಾರಿಸಿದ್ದನ್ನು ಡೊಂಬಿವಲಿಯಲ್ಲಿ ಕೇಳಿದವರಿರಲಿಲ್ಲ. ಅದೂ ಗತ್ತೇ ಎಂದುಕೊಂಡೆವು.

ಮೊದಲ ದಿನ ನಾನು ಕೇಳಿದ ಮೊದಲ ಪ್ರಶ್ನೆಯೇ ಇದು: “ಸರ್, ದಿನಕ್ಕೆ ಎಷ್ಟು ಗಂಟೆ ಅಭ್ಯಾಸ ಮಾಡ್ಬೇಕು?”

ಅವರು ಶೇಂಗಾ ಅಗಿಯುತ್ತಾ ನನ್ನನ್ನೇ ನೋಡಿದರು. “ನಿಮ್ಮನ್ಯಾಗ ನೀರು ಎಷ್ಟೊತ್ತಿಗೆ ಬರ್ತದ ತಂಗಿ?”

“ಬೆಳಿಗ್ಗೆ ಐದೂಕಾಲಿಗೆ.”

“ಜೋರ್ ಬರ್ತದೋ, ಸಣ್ಣಗ ಬರ್ತದೋ?”

“ಇಲಿಬಾಲದ ಹಾಗೆ ಬರ್ತದೆ ಸರ್.”

“ನಳದ ಕೆಳಗ ಮೊದಲ ಏನು ಇಡ್ತಿ?”

“ಹಿತ್ತಾಳೆ ಕೊಡಪಾನ. ಮತ್ತೆ ಬಕೆಟು. ಮತ್ತೆ ಡ್ರಮ್ಮು.”

“ಹಂಗಾರ ಕೊಡ ತುಂಬೂತನಕಾ ಬಾರಸು. ತುಂಬಿದ ಕೂಡ್ಲೆ ನಿಲ್ಲಸು. ಬಕೀಟಿಗೆ ಹೋಗಬ್ಯಾಡ.”

“ಅಷ್ಟೇಯಾ? ಹತ್ತು ನಿಮಿಷ ಸಹ ಆಗ್ಲಿಕ್ಕಿಲ್ಲ!”

“ಹತ್ತು ಮಿನಿಟು ನೀ ಖರೇ ಬಾರಸು. ಆಮ್ಯಾಲ ಮಾತಾಡೂಣು.”

ನನಗೆ ಮೈಯೆಲ್ಲ ಉರಿಯಿತು. ರೈಲುಹಳಿಯ ಸೇತುವೆ ಹತ್ತಿ ಇಳಿದು, ಅತ್ತೆಯ ಬಾಯಿಗೆ ಉತ್ತರ ಕೊಟ್ಟು ಬಂದವಳಿಗೆ ಹತ್ತು ನಿಮಿಷ! ಮನೆಯ ಹೆಂಗಸು, ಇವಳೇನು ಕಲಿತಾಳು ಎಂದು ತಳ್ಳಿಬಿಟ್ಟರೆಂದೇ ಎಣಿಸಿದೆ. ಕೈಗಡಿಯಾರ ಇಟ್ಟುಕೊಂಡು ಅರ್ಧ ಗಂಟೆಯಾದರೂ ಕೂರುತ್ತೇನೆ ಎಂದೆ.

“ಗಡಿಯಾರ ಇಟಗೊಂಡ್ರ ಕಣ್ಣು ಅಲ್ಲೇ ಇರ್ತದ. ಕೊಡಕ್ಕ ಕಿವಿ ಸಾಕು,” ಎಂದರು.

ಮಾರನೆಯ ಬೆಳಿಗ್ಗೆ ಅಡುಗೆಮನೆಯ ಮೋರಿಯ ಪಕ್ಕ ಮಣೆ ಹಾಕಿಕೊಂಡು, ಪಿಟೀಲಿನ ತಲೆಯನ್ನು ಬಲಪಾದದ ಮೇಲಿಟ್ಟು ಕೂತೆ. ನಳ ಸೂಂ ಎಂದು ಕೆಮ್ಮಿ ಇಲಿಬಾಲ ಬಿಟ್ಟಿತು. ಆಗ ತಿಳಿಯಿತು ಅವರು ಹೇಳಿದ್ದು. ಖಾಲಿ ಕೊಡಪಾನಕ್ಕೆ ಬೀಳುವ ನೀರಿನದು ದಪ್ಪ ಗಂಟಲು. ತುಂಬುತ್ತಾ ಬಂದ ಹಾಗೆ ಸ್ವರ ಏರುತ್ತದೆ. ಹೊಟ್ಟೆ ತುಂಬುವ ತನಕ ನಿಧಾನವಾಗಿ, ಕುತ್ತಿಗೆಗೆ ಬಂತೆಂದರೆ ಸರ್ರನೆ. ಆ ಸರ್ರನೆ ಕೇಳಿದ ಕೂಡಲೇ ಕಮಾನು ಎತ್ತಬೇಕು, ಕೈ ಚಾಚಿ ನಳ ನಿಲ್ಲಿಸಬೇಕು. ನೀರು ಉಕ್ಕಬಾರದು. ಬೆರಳಿಗೆ ವಿದ್ಯೆ ಹತ್ತುವ ಮೊದಲೇ ನನ್ನ ಕಿವಿಗೆ ಕೊಡಪಾನ ಪಾಠ ಮಾಡಿಬಿಟ್ಟಿತು. ನಮ್ಮ ಕೊಡಪಾನದ ಕುತ್ತಿಗೆ ಎಲ್ಲಿ ಶುರುವಾಗುತ್ತದೆಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ.

ಇನ್ನೊಂದು ಉಪಾಯ ಅದರಲ್ಲಿತ್ತು, ನನಗೆ ಅರ್ಥವಾಗಲು ತಿಂಗಳುಗಳೇ ಬೇಕಾದವು. ನೀರು ಹಿಡಿಯಲು ಹೇಗೂ ಒಬ್ಬರು ಅಲ್ಲಿ ಕೂರಲೇಬೇಕು. ಆ ಹತ್ತು ನಿಮಿಷವನ್ನು ಮನೆಯ ಯಾವ ಕೆಲಸದಿಂದಲೂ ಕದ್ದಂತಾಗುತ್ತಿರಲಿಲ್ಲ. ಅತ್ತೆಗೆ ಆಕ್ಷೇಪಿಸಲು ಜಾಗವೇ ಇಲ್ಲ! ಕ್ರಮೇಣ ಅವರಿಗೂ ಕಿವಿ ಬಂತು. ಚಾಪೆಯ ಮೇಲಿಂದಲೇ ಕೂಗುವರು: “ತುಂಬಿತು ಮಾರಾಯ್ತಿ, ನಿಲ್ಲಿಸು!”

ಮಾಸ್ತರರ ಕಾನೂನಿಗೆ ಉಪಕಾನೂನುಗಳಿದ್ದವು. “ಜ್ವರ ಬಂದ್ರ ತಂಬಿಗಿ ಇಡು. ಆದ್ರ ಇಡು.” ಒಂದು ದಿನವೂ ತಪ್ಪಿಸುವಂತಿಲ್ಲ. “ನೀರೇ ಬರದ ದಿನ ಸರ್?” ಎಂದರೆ, “ಆವತ್ತು ಸೂಟಿ. ಮುನ್ಸಿಪಾಲ್ಟಿಯವರು ಕೊಟ್ಟಿದ್ದು, ನಾವ್ಯಾಕ ಬ್ಯಾಡನ್ನೂದು?” ಒಂದೇ ತಪ್ಪನ್ನು ಮೂರು ಸಲ ಮಾಡಿದರೆ ಅಲ್ಲೇ ಕಮಾನು ಕೆಳಗಿಡಬೇಕು. “ಕೈಗೆ ಸರಿ-ತಪ್ಪು ಗೊತ್ತಿಲ್ಲ ತಂಗಿ. ಎಷ್ಟು ಸಲ ಮಾಡಿಸ್ತಿ, ಅಷ್ಟು ಕಲೀತದ.”

ಎರಡನೇ ವರ್ಷ ಬಕೆಟಿಗೆ ಬಡ್ತಿ ಸಿಕ್ಕಿತು. ಮೂರನೇ ವರ್ಷ ಡ್ರಮ್ಮಿಗೆ. ಡ್ರಮ್ಮೆಂದರೆ ಮುಕ್ಕಾಲು ಗಂಟೆ. ಅದೇ ಕಟ್ಟಕಡೆ. ಅದಕ್ಕಿಂತ ದೊಡ್ಡ ಪಾತ್ರೆ ಅವರ ಯಾವ ಶಿಷ್ಯರಿಗೂ ಇರಲಿಲ್ಲ. ಎಂಟು ಗಂಟೆಯಂತೆ! ಡೊಂಬಿವಲಿಯಲ್ಲಿ ಎಂಟು ಗಂಟೆ ನೀರು ಯಾವತ್ತು ಬಂದಿತ್ತು?

ಠಾಣೆಯಿಂದ ಮಗಳನ್ನು ಕರೆದುಕೊಂಡು ಬರುತ್ತಿದ್ದ ಒಬ್ಬ ತಂದೆಗೆ ಇದೆಲ್ಲ ಸರಿಬರಲಿಲ್ಲ. “ಮಾಸ್ತರ್, ನಮ್ಮ ಬಾಜೂ ಬಿಲ್ಡಿಂಗಿನ ಹುಡುಗಿ ದಿನಾ ಮೂರು ಗಂಟೆ ಕೂತ್ಕೊಳ್ತಾಳೆ, ಗೊತ್ತುಂಟಾ?”

“ಕೂಡ್ತಾಳ. ಬಾರಸ್ತಾಳೇನು?”

ಆ ತಂದೆ ಮಗಳನ್ನು ಬಿಡಿಸಿ ಬೇರೆಯವರ ಹತ್ತಿರ ಸೇರಿಸಿದರು. ಅವರು ಮೆಟ್ಟಿಲಿಳಿಯುವುದನ್ನು ಮಾಸ್ತರರು ಕಿಟಕಿಯಿಂದ ನೋಡುತ್ತಾ ನಿಂತರು. “ಪಾಪ, ಆ ಕೂಸಿನ ಬೆರಳು,” ಎಂದರು. ಬೆರಳಿಗೇನು ಪಾಪ ಎಂದು ನಾನು ಕೇಳಲಿಲ್ಲ.

ಬೆಳಿಗ್ಗೆ ಕಲ್ಯಾಣಕ್ಕೆ ಹೋಗುವ ಮುಂಚೆ ಅವರು ಹಾಲಿನ ಬೂತಿಗೆ ಹೋಗುವ ನೆಪದಲ್ಲಿ ಸೇತುವೆ ದಾಟಿ ನಮ್ಮ ಪೂರ್ವದ ಗಲ್ಲಿಗಳಿಗೆ ಬರುತ್ತಿದ್ದರು. ಶಿಷ್ಯರ ಕಿಟಕಿಯ ಕೆಳಗೆ ನಿಂತು ಪಿಟೀಲು ಕೇಳುವರು, ಜೊತೆಗೆ ನೀರನ್ನೂ ಕೇಳುವರು. ಈಗ ಬರುತ್ತದೆ ಸುಧಾಕರನ ಕತೆ. ಸುಧಾಕರಾ, ಓದುತ್ತಿದ್ದೀಯಲ್ಲ?

ಸುಧಾಕರನ ಪಾತ್ರೆ ಬಕೆಟು. ಅವನು ಏನು ಮಾಡುತ್ತಿದ್ದ ಗೊತ್ತೇ? ಪಕ್ಕದ ಡ್ರಮ್ಮಿನಿಂದ ಮಗ್ಗಿನಲ್ಲಿ ಮೊಗೆದು ಮೊಗೆದು ಬಕೆಟಿಗೆ ಸುರಿದು, “ಆಯೀ, ತುಂಬಿತು!” ಎಂದು ಪಿಟೀಲು ಬಿಟ್ಟು ಗೋಲಿ-ಗೋಟಿ ಆಡಲು ಓಡುತ್ತಿದ್ದ. ಒಂದು ವಾರ ಮಾಸ್ತರರು ಅವನ ಕಿಟಕಿಯ ಕೆಳಗೆ ನಿಂತು ಕೇಳಿದರು. ಭಾನುವಾರ ಪಾಠಕ್ಕೆ ಬಂದವನಿಗೆ ಎದ್ದು ನಿಂತು ಕೈಮುಗಿದರು.

“ಏನಪಾ ಸುಧಾಕರ್‌ರಾಯರ, ನಿಮ್ಮ ಮನಿ ನಳಕ್ಕ ಗಂಗಾ ನದಿ ಜೋಡಿಸ್ಯಾರೇನು? ಎರಡು ಮಿನಿಟಿಗೆ ಬಕೀಟ್ ತುಂಬೇದ!”

ನಾವು ನಕ್ಕೂ ನಕ್ಕೂ ಸುಸ್ತಾದೆವು. ಹುಡುಗ ಅಳುಮೋರೆ ಮಾಡಿದ. ಮಾಸ್ತರರು ಬೈಯಲಿಲ್ಲ, ಒಂದು ಹಿಡಿ ಶೇಂಗಾ ಕೊಟ್ಟು ಬಕೆಟಿನಿಂದ ಮತ್ತೆ ಕೊಡಪಾನಕ್ಕೆ ಇಳಿಸಿದರು. ಆರು ತಿಂಗಳಾದ ಮೇಲೆ ಅದೇ ಕಿಟಕಿಯ ಕೆಳಗಿಂದ ಬಂದವರು ಅವನಿಗೆ ಹೇಳಿದರು: “ಇವತ್ತ ನೀರು ಉಕ್ಕಲಿಲ್ಲ.” ಅದು ಅವರ ಬಾಯಲ್ಲಿ ಬರುತ್ತಿದ್ದ ಒಂದೇ ಒಂದು ಹೊಗಳಿಕೆ. ನೀರು ಉಕ್ಕಲಿಲ್ಲ ಎಂದರೆ, ಚೆನ್ನಾಗಿ ಬಾರಿಸಿದೆ, ಸರಿಯಾದ ಹೊತ್ತಿಗೆ ನಿಲ್ಲಿಸಿದೆ ಎಂದು. ಅದನ್ನು ಕೇಳಿ ಹುಡುಗ ನನ್ನ ಮನೆಯ ತನಕ ಕುಣಿದುಕೊಂಡು ಬಂದಿದ್ದ.

ಇಷ್ಟು ಹೊತ್ತು ನಕ್ಕೆವು. ಇನ್ನು ಮುಂದಿನದು ನನ್ನದೇ ತಪ್ಪು.

ಡ್ರಮ್ಮಿಗೆ ಬಂದ ವರ್ಷ ಸಂಘದ ವಾರ್ಷಿಕೋತ್ಸವದಲ್ಲಿ ಹತ್ತು ನಿಮಿಷ ಭೂಪ ರಾಗ ಬಾರಿಸಲು ನನ್ನ ಹೆಸರು ಕೊಟ್ಟರು. ಜೂನ್ ತಿಂಗಳಲ್ಲಿ ಕಾರ್ಯಕ್ರಮ. ಮೇ ತಿಂಗಳಲ್ಲಿ ಅತ್ತೆ ಊರಿಗೆ ಹೋದರು. ಮಾಸ್ತರರೂ ರೈಲ್ವೆ ಪಾಸಿನಲ್ಲಿ ಧಾರವಾಡಕ್ಕೆ ಹೋದರು. ಇವರು ಬೆಳಿಗ್ಗೆ ಹೋದರೆ ಸಂಜೆಗೆ. ಜೀವಮಾನದಲ್ಲೇ ಮೊದಲ ಸಲ ನನಗೆ ಖಾಲಿ ಮನೆ ಸಿಕ್ಕಿತ್ತು. ಯಾರಿಗೆ ಬೇಕು ಡ್ರಮ್ಮು! ದಿನಕ್ಕೆ ನಾಲ್ಕು ಗಂಟೆ, ಕೆಲವು ದಿನ ಐದು ಗಂಟೆ ಬಾರಿಸಿದೆ. ಅತ್ತೆಗೆ, ಇವರಿಗೆ, ಹಳಿಯಾಚೆಯ ಆ ಗತ್ತಿನ ಮನುಷ್ಯನಿಗೆ, ಎಲ್ಲರಿಗೂ ತೋರಿಸಿಬಿಡುತ್ತೇನೆ ಎಂಬ ಹಟ. ಒಂದು ಬೆಳಿಗ್ಗೆ ನಳ ನಿಲ್ಲಿಸುವುದನ್ನೇ ಮರೆತು ವೇಗದ ತಾನ್‌ಗಳನ್ನು ಬಾರಿಸುತ್ತಾ ಕೂತಿದ್ದೆ. ಕೆಳಗಿನ ಮನೆಯ ಮರಾಠಿ ಹೆಂಗಸು, ನಮಗೆಲ್ಲ ಕಾಕು, ದಡದಡ ಬಾಗಿಲು ಬಡಿದರು.

“ಅಹೋ ವಹಿನೀ! ಆಮಚ್ಯಾ ಘರಾತ್ ಪಾಊಸ್ ಪಡತೋಯ್!”

ಅವರ ಅಡುಗೆಮನೆಯಲ್ಲಿ ಮಳೆ. ಒಲೆಯ ಮೇಲಿದ್ದ ಅವಲಕ್ಕಿ ಪೋಹೆಯೆಲ್ಲ ನೀರುಪಾಲು. ಕ್ಷಮೆ ಕೇಳಿದೆ, ನೆಲ ಒರೆಸಿದೆ, ಅವರಿಗೆ ನಮ್ಮ ನೀರುದೋಸೆ ಕೊಟ್ಟೆ, ಮತ್ತೆ ಬಂದು ಬಾರಿಸಿದೆ. ಆ ವಾರದಿಂದಲೇ ಚಪಾತಿ ಲಟ್ಟಿಸುವಾಗ ಎಡಗೈಯ ಕಿರುಬೆರಳು ಜುಮ್ಮೆನ್ನಲು ಶುರುವಾಯಿತು. ಯಾರಿಗೂ ಹೇಳಲಿಲ್ಲ. ಸಾಧನೆ ಮೈಗೆ ಹತ್ತುತ್ತಿದೆ ಎಂದು ಒಳಗೊಳಗೇ ಬೀಗಿದೆ.

ಮಾಸ್ತರರು ಬಂದರು. ನಾನು ಹೋಗಿ ಭೂಪ ಬಾರಿಸಿದೆ. ತಾನ್‌ಗಳೆಲ್ಲ ಮಿಂಚಿನ ಹಾಗೆ ಹೋದವು. ಕಮಾನು ಇಳಿಸಿ ಹೊಗಳಿಕೆಗೆ ಕಾದೆ.

“ಎಷ್ಟು ಹೊತ್ತು ಬಾರಸ್ತಿ ದಿನಾ?”

“ಒಂದು ಡ್ರಮ್ ಸರ್.”

“ಸುಳ್ಳು ಹೇಳಬ್ಯಾಡ. ನಾಕು ತಾಸಿಗೆ ಕಡಿಮಿಲ್ಲ ಇದು. ಹೆಬ್ಬಟ್ಟು ನೋಡು, ಪಿಟೀಲಿನ ಕುತ್ತಿಗಿ ಹಿಸುಕೂ ಹಂಗ ಹಿಡದದ. ಕಿರುಬೆರಳು ಜುಮ್ ಅಂತದೋ ಇಲ್ಲೋ?”

ನಾನು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಅವರ ಮುಖ ಕೆಂಪಾಯಿತು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. “ಈ ವರ್ಷ ನೀ ಸಂಘದಾಗ ಬಾರಸೂದು ಬ್ಯಾಡ. ಹೆಸರು ತಗಸ್ತೀನಿ. ನಾಳಿಂದ ತಂಬಿಗಿ ಇಡು.”

ತಂಬಿಗೆ! ಮೂರು ವರ್ಷ ಕಷ್ಟಪಟ್ಟವಳಿಗೆ ತಂಬಿಗೆ! ನನ್ನ ನಾಲಿಗೆ ನನ್ನ ಕೈಯಲ್ಲಿ ಉಳಿಯಲಿಲ್ಲ. “ನಿಮಗೆ ಹೊಟ್ಟೆಕಿಚ್ಚು ಸರ್! ನೀವು ಒಂದು ರಾಗ ಪೂರ್ತಿ ಬಾರಿಸಿದ್ದನ್ನು ಯಾರಾದ್ರೂ ಕಂಡಿದ್ದಾರಾ? ನಿಮ್ಮಿಂದ ಆಗದ್ದು ನಾನು ಮಾಡಿದೆ ಅಂತ ನಿಮಗೆ ತಡ್ಕೊಳ್ಲಿಕ್ಕೆ ಆಗ್ತಾ ಇಲ್ಲ!”

ಈಗ ಇದನ್ನು ಒತ್ತುವಾಗಲೂ ನನ್ನ ಬೆರಳು ನಿಲ್ಲುತ್ತದೆ.

ಅವರು ಜೇಬಿನಿಂದ ಎಡಗೈ ತೆಗೆದರು. ಪಿಟೀಲು ಎತ್ತಿಕೊಂಡು ಅದೇ ಭೂಪ ಬಾರಿಸಿದರು. ಒಂದು ಸಾಲು. ಎರಡನೆಯ ಸಾಲು. ಅಂಥ ನಾದವನ್ನು ನಾನು ಆಮೇಲೆ ಎಲ್ಲೂ ಕೇಳಿಲ್ಲ. ಮೂರನೆಯ ಸಾಲಿನಲ್ಲಿ ಅವರ ಉಂಗುರದ ಬೆರಳು ಮತ್ತು ಕಿರುಬೆರಳು ತಮ್ಮಷ್ಟಕ್ಕೇ ಒಳಗೆ ಮಡಚಿಕೊಂಡವು. ಅವರು ಬಲವಂತ ಮಾಡಿದಷ್ಟೂ ಅಂಗೈಯೊಳಗೆ ಹುದುಗಿದವು. ತಂತಿ ಒಮ್ಮೆ ಕಿರುಚಿತು. ಪಿಟೀಲು ಕೆಳಗಿಟ್ಟು ಆ ಕೈಯನ್ನು ನನ್ನ ಮುಂದೆ ಚಾಪೆಯ ಮೇಲೆ ಇಟ್ಟರು.

“ನಮ್ಮಪ್ಪನೇ ನನಗ ಗುರು. ಏಳನೇ ವರ್ಷದಿಂದ, ದಿನಾ ಎಂಟು ತಾಸು. ಅಟ್ಟದ ಮ್ಯಾಲ ಕೂಡಿಸಿ ಬಾಗಲಾ ಹಾಕತಿದ್ದ. ಬೆರಳು ಜುಮ್ ಅಂತಾವಪಾ ಅಂದ್ರ, ಸಾಧನಾ ಹತ್ತೇದ, ಬಾರಸು ಅಂತಿದ್ದ. ಹತ್ತೊಂಬತ್ತನೇ ವರ್ಷ, ರೇಡಿಯೋದವರ ಪರೀಕ್ಷೆಗೆ ಹೋಗೂ ಮುಂದ, ಇವು ಎರಡು ಮಡಚಿಕೊಂಡ್ವು. ಮೊದಲ ಪಿಟೀಲು ಹಿಡಿದಾಗ ಅಷ್ಟ ಮಡಚತಿದ್ವು. ಈಗ ಚಾ ಕಪ್ ಹಿಡಿದ್ರೂ ಅಷ್ಟ.”

“ಅಪ್ಪ ಎಂತ ಹೇಳಿದ್ರು ಸರ್?”

“ಅವನೇನು ಹೇಳ್ಯಾನು? ಸಾಯೂತನಕಾ ಊರ ತುಂಬ ಹೆಮ್ಮೀಲೆ ಹೇಳ್ಕೋತ ಅಡ್ಡಾಡಿದ. ನನ್ನ ಮಗಾ ಎಂಟು ತಾಸು ಕೂಡತಿದ್ದ ಅಂತ.”

ನಾನು ಅಳುತ್ತಿದ್ದೆ. ಅವರು ಬಲಗೈಯಿಂದ ಜೇಬು ತಡಕಿ ನನಗೂ ನಾಲ್ಕು ಶೇಂಗಾ ಕೊಟ್ಟರು. “ಇದು ಯಾರ ಮುಂದೂ ಬ್ಯಾಡ ತಂಗಿ. ಕೈ ಹೋದ ಮಾಸ್ತರ ಕಡೆ ಯಾರು ಮಕ್ಕಳನ್ನ ಕಳಸತಾರ?”

ಮಾತು ಕೊಟ್ಟೆ. ನಲವತ್ತು ವರ್ಷಕ್ಕಿಂತ ಹೆಚ್ಚು ಉಳಿಸಿಕೊಂಡೆ. ಇವರಿಗೂ ಹೇಳಲಿಲ್ಲ, ಶುಭಾಳಿಗೂ ಹೇಳಲಿಲ್ಲ.

ಆ ವರ್ಷ ನಾನು ಬಾರಿಸಲಿಲ್ಲ. ಮಾರನೆಯ ಬೆಳಿಗ್ಗೆ ತಂಬಿಗೆ ಇಟ್ಟೆ. ಊರಿನಿಂದ ಬಂದ ಅತ್ತೆ ಮೋರಿಯ ಪಕ್ಕದ ತೇವ ನೋಡಿ, “ನಾನಿಲ್ಲದಾಗ ಎಂತ ಹೊಳೆ ಹರಿಸಿದ್ದೆ?” ಎಂದರು. ಮತ್ತೆ ಅವರೇ ತಂಬಿಗೆ ಕಂಡು ಮೆಲ್ಲಗೆ, “ಇದು ಯಾವಾಗ ಕೊಡಪಾನ ಆಗುದು?” ಎಂದು ಕೇಳಿದರು. ಮೂರು ತಿಂಗಳು ಬೇಕಾಯಿತು. ಬೆರಳಿನ ಜುಮ್ಮು ಹೋಯಿತು. ಮರುವರ್ಷ ಅದೇ ಸಂಘದ ವೇದಿಕೆಯಲ್ಲಿ ಹತ್ತು ನಿಮಿಷ ಭೂಪ ಬಾರಿಸಿದೆ. ಅತ್ತೆ ಮೊದಲ ಸಾಲಿನಲ್ಲಿ ಜರಿಸೀರೆ ಉಟ್ಟು ಕೂತಿದ್ದರು. ಮಾಸ್ತರರು ಕೊನೆಯ ಸಾಲಿನಲ್ಲಿ ಶೇಂಗಾ ತಿನ್ನುತ್ತಾ ಕೂತಿದ್ದರು. ಹೊರಗೆ ಬಂದಾಗ ಪಕ್ಕದಲ್ಲಿ ಹಾದುಹೋಗುತ್ತಾ ಹೇಳಿದರು: “ನೀರು ಉಕ್ಕಲಿಲ್ಲ.”

ಇವರಿಗೆ ನಿವೃತ್ತಿಯಾದ ಮೇಲೆ ನಾವು ಸಾನಪಾಡಾಕ್ಕೆ ಶುಭಾಳ ಮನೆಗೆ ಬಂದೆವು. ಹೊರಡುವ ಮುಂಚೆ ಡೊಂಬಿವಲಿ ಸ್ಟೇಶನ್ನಿನ ಸೇತುವೆಯ ಮೇಲೆ ಮಾಸ್ತರರು ಸಿಕ್ಕಿದ್ದರು.

“ಅಲ್ಲೆ ನೀರು ಬರ್ತದೇನು?”

“ಇಪ್ಪತ್ತನ್ನಾಲ್ಕು ಗಂಟೆ ಬರ್ತದೆ ಸರ್!”

“ಅಯ್ಯ ಪಾಪ. ನಿಲ್ಲಸೂದು ಯಾವಾಗ?” ಎಂದರು.

ಶ್ರದ್ಧಾಂಜಲಿ ಸಭೆ ಮುಗಿದ ಮೇಲೆ ನಾನು ಸುಧಾಕರನನ್ನು ಚಹಾದ ಮೇಜಿನ ಹತ್ತಿರ ಹಿಡಿದೆ. “ಏನೋ, ಎಂಟು ಗಂಟೆ ಯಾವ ಬಾಯಲ್ಲಿ ಹೇಳಿದೆ? ನಿನ್ನ ಬಕೆಟು ನೆನಪುಂಟಾ?”

ಅವನು ಆಚೀಚೆ ನೋಡಿ ತಗ್ಗಿದ ದನಿಯಲ್ಲಿ, “ಆಂಟೀ, ಮೆಲ್ಲಗೆ! ಈಗ ಹತ್ತು ನಿಮಿಷ ಅಂದ್ರೆ ಯಾವ ಪೇರೆಂಟ್ಸ್ ಬರ್ತಾರೆ? ಕಾಂಪಿಟೀಶನ್ ಎಷ್ಟಿದೆ ಗೊತ್ತಾ? ಮತ್ತೆ ಎಂಟು ಗಂಟೆ ಅಂದ್ರೆ ಸರ್‌ಗೇ ಮರ್ಯಾದೆ ಅಲ್ವಾ?” ಎಂದ.

ಮರ್ಯಾದೆ! ಯಾವ ಎಂಟು ತಾಸು ಆ ಮನುಷ್ಯನ ಕೈ ತಿಂದಿತೋ ಅದನ್ನೇ ಅವರ ಫೋಟೋಗೆ ಹಾರ ಮಾಡಿ ಹಾಕಿ ಮರ್ಯಾದೆ! ನಾಲಿಗೆಯ ತುದಿಗೆ ಬಂತು. ಕೊಟ್ಟ ಮಾತು ನೆನಪಾಗಿ ಬಿಸಿ ಚಹಾದ ಜೊತೆ ನುಂಗಿದೆ. ಹೌದು ಸುಧಾಕರಾ, ನಿನಗೆ ಅವರ ಕೈಯ ವಿಷಯ ಗೊತ್ತಿರಲಿಲ್ಲ. ಆದರೆ ಬಕೆಟಿನ ವಿಷಯ ಗೊತ್ತಿತ್ತಲ್ಲ?

ಹಾಗೆಯೇ ನುಂಗಿಕೊಂಡು ಇರುತ್ತಿದ್ದೆನೋ ಏನೋ. ಎರಡು ವಾರದ ಹಿಂದೆ ತನ್ವಿ ಊಟಕ್ಕೆ ಕೂತವಳು ಎಡಗೈ ಕೊಡವಿದಳು. “ಅಜ್ಜೀ, ಮೇರೀ ಛೋಟೀ ಉಂಗ್ಲೀ ಸೋ ಗಯೀ. ರೋಜ್ ಹೋತಾ ಹೈ.”

ಕಿರುಬೆರಳು ನಿದ್ದೆ ಹೋಗಿದೆಯಂತೆ, ದಿನಾ ಹೋಗುತ್ತದಂತೆ.

“ಸರ್‌ಗೆ ಹೇಳಿದ್ಯಾ?”

“ಬೋಲಾ. ಸರ್ ಬೋಲೇ, ಅಚ್ಛಾ ಹೈ, ಸಾಧನಾ ಹೋ ರಹೀ ಹೈ.”

ಒಳ್ಳೆಯದೇ, ಸಾಧನೆ ಆಗುತ್ತಿದೆ ಎಂದನಂತೆ! ಮಾಸ್ತರರೇ, ನಿಮಗೆ ಕೊಟ್ಟ ಮಾತು ಆ ಕ್ಷಣ ಮುರಿಯಿತು. ಈಗ ನಿಮ್ಮ ಹತ್ತಿರ ಮಕ್ಕಳನ್ನು ಕಳಿಸುವವರು ಯಾರೂ ಇಲ್ಲ, ಆದರೆ ನಿಮ್ಮ ಹೆಸರಿನಲ್ಲಿ ಕೂರಿಸುವವರಿದ್ದಾರೆ. ಶುಭಾಳನ್ನೂ ತನ್ವಿಯನ್ನೂ ಎದುರು ಕೂರಿಸಿಕೊಂಡು ಎಲ್ಲ ಹೇಳಿದೆ. ಆ ಕೈ, ಆ ಅಟ್ಟ, ಆ ಬಾಗಿಲು.

“ಅಮ್ಮಾ, ಬ್ಯಾನರ್ ಪ್ರಿಂಟ್ ಆಗಿದೆ, ಲಿಸ್ಟ್ ಫೈನಲ್ ಆಗಿದೆ...” ಎಂದು ಶುಭಾ ಶುರು ಮಾಡಿದಳು. ಮಗಳು ಬೆರಳು ಕೊಡವುತ್ತಿರುವುದನ್ನು ನೋಡಿ ಅರ್ಧಕ್ಕೇ ನಿಲ್ಲಿಸಿದಳು.

ಮಾರನೆಯ ಬೆಳಿಗ್ಗೆಯೇ ಶುಭಾ ತನ್ವಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಸ್ವಲ್ಪ ದಿನ ಪಿಟೀಲು ಮುಟ್ಟುವುದೇ ಬೇಡ, ಆಮೇಲೆ ಸ್ವಲ್ಪ ಸ್ವಲ್ಪ ಎಂದರು. ಎಷ್ಟು ಸ್ವಲ್ಪ ಎಂದು ಶುಭಾ ಕೇಳಿದ್ದಕ್ಕೆ ಅವರಿಗೆ ಹೇಳಲು ಬರಲಿಲ್ಲ. ನನಗೆ ಬರುತ್ತದೆ.

ನನ್ನ ಮೊಣಕಾಲು ಸೋತು ಪಿಟೀಲು ಬಿಟ್ಟ ಮೇಲೆ ಶುಭಾ ಆ ಹಿತ್ತಾಳೆ ಕೊಡಪಾನದಲ್ಲಿ ಮನಿಪ್ಲಾಂಟ್ ನೆಟ್ಟು ಬಾಲ್ಕನಿಯಲ್ಲಿ ಇಟ್ಟಿದ್ದಳು. ಮನಿಪ್ಲಾಂಟನ್ನು ಕಿತ್ತು ಪ್ಲಾಸ್ಟಿಕ್ ಡಬ್ಬಿಗೆ ಹಾಕಿದೆ. ಹುಣಸೆಹುಳಿ ಹಾಕಿ ತಿಕ್ಕಿದೆ. ಬೆರಳಿನ ಜುಮ್ಮು ಪೂರ್ತಿ ನಿಂತ ಮೇಲೆ, ಅಂದರೆ ಇವತ್ತು ಬೆಳಿಗ್ಗೆ, ಬಾತ್‌ರೂಮಿನ ನಳದ ಕೆಳಗೆ ಇಟ್ಟು ನೀರನ್ನು ಇಲಿಬಾಲದಷ್ಟೇ ಬಿಟ್ಟೆ. ಬಾಗಿಲ ಹೊರಗೆ ತನ್ವಿಯನ್ನು ಚಾಪೆಯ ಮೇಲೆ ಕೂರಿಸಿದೆ.

“ಕಣ್ಣು ಮುಚ್ಚು. ಬಾರಿಸು. ನೀರನ್ನೂ ಕೇಳು.”

“ವ್ಹಾಟ್ ಅಜ್ಜೀ! ದೋನೋ ಏಕ್ ಸಾಥ್?”

“ಹೌದು, ಎರಡೂ ಒಟ್ಟಿಗೆ.”

ಮೊದಲು ನಕ್ಕಳು. ಮತ್ತೆ ಬಾರಿಸಿದಳು. ಮೂರು ಸ್ವರ, ನಿಧಾನವಾಗಿ. ನೀರಿನ ದಪ್ಪ ಗಂಟಲು ಮೆಲ್ಲಮೆಲ್ಲಗೆ ಏರುತ್ತಾ ಬಂತು. ಅವಳ ನಗು ಇಳಿಯಿತು, ಹುಬ್ಬು ಕೂಡಿತು. ನಲವತ್ತು ವರ್ಷದ ಹಿಂದಿನ ಅದೇ ಕೊಡಪಾನ, ಅದೇ ಹೊಟ್ಟೆ, ಅದೇ ಕುತ್ತಿಗೆ. ನಾನು ಬಾಯಿ ಬಿಡಲಿಲ್ಲ. ಸ್ವರ ಸರ್ರನೆ ಏರಿದ್ದೇ ತಡ, ಹುಡುಗಿ ಕಮಾನು ಎತ್ತಿ, ಚಂಗನೆ ಜಿಗಿದು ನಳ ತಿರುಗಿಸಿದಳು. ನೀರು ಕೊಡಪಾನದ ಬಾಯಿಯ ಅಂಚಿಗೆ ಬಂದು ನಿಂತು ನಡುಗುತ್ತಿತ್ತು.

ಅಷ್ಟರಲ್ಲಿ ಶುಭಾಳ ಫೋನ್ ಬಡಿದುಕೊಂಡಿತು. ಸುಧಾಕರ. ತನ್ವಿ ಯಾಕೆ ಕ್ಲಾಸಿಗೆ ಬರುತ್ತಿಲ್ಲ, ಎಂಟು ಗಂಟೆಯ ಕಾರ್ಯಕ್ರಮಕ್ಕೆ ಇನ್ನು ಐದೇ ದಿನ, ಇವತ್ತಿನ ಪ್ರಾಕ್ಟೀಸ್ ಎಷ್ಟಾಯಿತು ಎಂದು ಜೋರು ದನಿಯಲ್ಲಿ ಕೇಳುತ್ತಿದ್ದ. ಶುಭಾ ನನ್ನನ್ನು ನೋಡಿದಳು, ಮತ್ತೆ ಫೋನನ್ನು ಮಗಳ ಕೈಗೆ ಕೊಟ್ಟಳು.

“ಅಜ್ಜೀ, ಕ್ಯಾ ಬೋಲೂಂ?” ಎಂದು ತನ್ವಿ ಪಿಸುಗುಟ್ಟಿದಳು. ನಾನು ಅವಳ ಕಿವಿಯಲ್ಲಿ ಹೇಳಿದೆ. ನನಗೆ ಯಾವತ್ತೂ ಕನ್ನಡದಲ್ಲಿ ಉತ್ತರ ಕೊಡದ ಹುಡುಗಿ ಫೋನಿಗೆ ಒಂದೊಂದೇ ಅಕ್ಷರ ಕೂಡಿಸಿ ಹೇಳಿದಳು:

“ಸರ್, ನೀರು ಉಕ್ಕಲಿಲ್ಲ.”

ಆ ಕಡೆ ಕ್ಲಾಸಿನ ಪಿಟೀಲುಗಳ ಸದ್ದು ದೂರವಾಗಿ ಒಂದು ಬಾಗಿಲು ಮುಚ್ಚಿದ್ದು ಕೇಳಿಸಿತು. ಆಮೇಲೆ ಸುಧಾಕರನ ದನಿ ಬಂತು. ಜುಬ್ಬಾದ ದನಿಯಲ್ಲ, ಗೋಟಿ ಆಡುತ್ತಿದ್ದ ಹುಡುಗನ ದನಿ.

“ಆಂಟಿಗೆ... ಅಜ್ಜಿಗೆ ಫೋನ್ ಕೊಡಮ್ಮ ಸ್ವಲ್ಪ.”

ನಾನು ತೆಗೆದುಕೊಳ್ಳಲಿಲ್ಲ. ಉಳಿದದ್ದನ್ನು ಈ ಸಂಚಿಕೆಯಲ್ಲೇ ಓದಲಿ.